ಕೈಮರದ ಮೊಮ್ಮಗ

ಮೈಸೂರಿನ ಒಂದು ಗುಜರಿ ಅಂಗಡಿಯ ಹಿತ್ತಲಿನಲ್ಲಿ, ರೆಕ್ಕೆ ಮುರಿದ ಫ್ಯಾನುಗಳೂ ತಳ ಕಳಚಿದ ಹಂಡೆಗಳೂ ರಾಶಿಬಿದ್ದಿದ್ದ ಮೂಲೆಯಲ್ಲಿ, ನೆಲಕ್ಕೆ ಮುಖವೊತ್ತಿಕೊಂಡು ಮಲಗಿದ್ದ ಉದ್ದನೆಯ ಪೆಟ್ಟಿಗೆಯೊಂದನ್ನು ಮೊದಲು ಕಂಡಾಗ ಅದು ಯಾವುದೋ ಹಿಟ್ಟಿನ ಗಿರಣಿಯ ಬಿಡಿಭಾಗವಿರಬೇಕೆಂದೇ ನಾನು ಭಾವಿಸಿದೆನು. ನಾನು ಅರಸಿಕೊಂಡು ಹೋಗಿದ್ದುದು ಹೊಲಿಗೆ ಯಂತ್ರದ ಒಂದು ಬೀಡುಕಬ್ಬಿಣದ ಕಾಲನ್ನು. ಅಂಗಡಿಯ ಹುಡುಗನು ಆ ಪೆಟ್ಟಿಗೆಯನ್ನು ಕಾಲಿನಿಂದ ಮಗುಚಿದಾಗ, ಒಂದರ ಕೆಳಗೊಂದರಂತೆ ಮೂರು ಗಾಜಿನ ಬಿಲ್ಲೆಗಳು ಧೂಳಿನ ಪೊರೆಯ ಹಿಂದಿನಿಂದ ಮಂಕಾಗಿ ಹೊಳೆದವು. ನಗರದ ಯಾವ ಚೌಕದಲ್ಲಿ ಎಷ್ಟು ವರ್ಷ ನಿಂತು ಅದೆಷ್ಟು ವಾಹನಗಳನ್ನು ತಡೆದು, ಎಷ್ಟನ್ನು ಬಿಟ್ಟು, ಕಡೆಗೆ ತಾನೇ ಹೀಗೆ ಅಂಗಾತ ಬಿದ್ದಿತೋ. ಟ್ರಾಫಿಕ್ ಸಿಗ್ನಲ್ಲಿನ ಆ ತಲೆಯಲ್ಲಿ ತನ್ನ ಊರನ್ನು ಹೇಳುವ ಒಂದಕ್ಷರವೂ ಇರಲಿಲ್ಲ.

ಬೆಲೆ ಕೇಳಿದೆನು. ಗುಜರಿಯಲ್ಲಿ ಬೆಲೆಯೆಂಬುದಿಲ್ಲ, ತೂಕವೆಂಬುದೊಂದೇ ಉಂಟು. ಯಜಮಾನನು ಅಲ್ಯೂಮಿನಿಯಮ್ಮಿನ ದರವನ್ನು ಹೇಳಿ, ಪೆಟ್ಟಿಗೆಯನ್ನು ತಕ್ಕಡಿಯ ಬಳಿಗೆ ಎಳೆದುಕೊಂಡು, ಪಕ್ಕದಲ್ಲಿದ್ದ ಸುತ್ತಿಗೆಯನ್ನು ಎತ್ತಿಕೊಂಡನು. ನಾನು ಗಾಬರಿಗೊಂಡು ಕೈಯಡ್ಡ ಹಿಡಿದೆನು. “ಗಾಜಿಗೆ ರೇಟಿಲ್ಲ ಸಾರ್, ಒಡೆದು ತೆಗೆದು ಬರೀ ಲೋಹ ತೂಗ್ತೀನಿ. ನಿಮಗ್ಯಾಕೆ ಸುಮ್ನೆ ನಷ್ಟ?” ಎಂದನು ಆ ಪುಣ್ಯಾತ್ಮ. ಅವನ ಪ್ರಾಮಾಣಿಕತೆಯೇ ಇನ್ನೊಂದು ಕ್ಷಣದಲ್ಲಿ ಆ ದೀಪವನ್ನು ಕುರುಡು ಮಾಡುತ್ತಿತ್ತು. ಗಾಜನ್ನೂ ಲೋಹದ ದರದಲ್ಲಿಯೇ ತೂಗೆಂದು ನಾನು ಹೇಳಿದಾಗ ಅವನು ನನ್ನನ್ನು ನೋಡಿದ ನೋಟದಲ್ಲಿ, ನಿವೃತ್ತ ಉಪಾಧ್ಯಾಯರ ವಿಷಯದಲ್ಲಿ ಲೋಕಕ್ಕಿರುವ ಕನಿಕರವೆಲ್ಲವೂ ಮಡುಗಟ್ಟಿದ್ದಿತು.

ಚಾಮರಾಜನಗರದ ಬಸ್ಸಿನಲ್ಲಿ ಅದಕ್ಕೊಂದು ಲಗೇಜು ಚೀಟಿ ಹರಿಸಿ, ಕಡೆಯ ಸೀಟಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ಬರುತ್ತಿರಲು, ಬದನಗುಪ್ಪೆಗೆ ಇಳಿಯಬೇಕಾಗಿದ್ದ ರೈತರೊಬ್ಬರು ಬಹಳ ಹೊತ್ತು ಅದನ್ನು ನಿರುಕಿಸಿ, “ಇದ್ನ ಯಾವ ಸರ್ಕಲ್ಗ ನೆಡಕ ಒಯ್ತಿದ್ದರಿ ಮೇಷ್ಟ್ರೇ?” ಎಂದರು. ಮನೆಗೆ ಎಂದೆನು. “ಮನ ಒಳಗೂ ಅಷ್ಟೊಂದು ಜನ ಓಡಾಡ್ತರ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದುಹೋದರು.

ನನ್ನ ಬಾಲ್ಯದ ಚಾಮರಾಜನಗರಕ್ಕೆ ಇಂಥ ದೀಪದ ಅಗತ್ಯವೇ ಇರಲಿಲ್ಲ. ಅರಿಕುಠಾರವೆಂಬ ಹಳೆಯ ಹೆಸರನ್ನು ಬಿಟ್ಟು, ತಮ್ಮ ತಂದೆ ಹುಟ್ಟಿದ ಊರೆಂಬ ಅಭಿಮಾನದಿಂದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಇಟ್ಟ ಹೆಸರನ್ನು ಹೊತ್ತು, ಚಾಮರಾಜೇಶ್ವರನ ಗೋಪುರದ ನೆರಳಿನಲ್ಲಿ ಕಾಲಹಾಕುತ್ತಿದ್ದ ಆ ಊರಿನ ಬೀದಿಗಳಲ್ಲಿ ಎತ್ತಿನ ಗಾಡಿಗಳು ಎದುರುಬದರಾದರೆ ಗಾಡಿಯವರು ಕುಶಲ ವಿಚಾರಿಸಿಕೊಂಡೇ ಮುಂದುವರಿಯುತ್ತಿದ್ದರು. ಆಷಾಢದ ತೇರು ಹೊರಟ ದಿನ, ಹೊಸ ಮದುವಣಿಗರ ನೂಕುನುಗ್ಗಲಿನ ನಡುವೆ ಅಷ್ಟು ದೊಡ್ಡ ರಥವನ್ನು ನಿಲ್ಲಿಸುತ್ತಿದ್ದುದು ಚಕ್ರದಡಿಗೆ ಮರದ ತುಂಡನ್ನು ಒಡ್ಡುತ್ತಿದ್ದವರ ಎದೆಗಾರಿಕೆಯೊಂದೇ. ನಾವು ಕೆಂಪು ಹಸುರು ದೀಪಗಳನ್ನು ಕಂಡಿದ್ದುದು ರಸ್ತೆಯಲ್ಲಲ್ಲ, ರೈಲು ನಿಲ್ದಾಣದಲ್ಲಿ. ನಂಜನಗೂಡಿನವರೆಗೆ ಬಂದು ಮೂರೂವರೆ ದಶಕಗಳ ಕಾಲ ನಿಂತಿದ್ದ ಮೀಟರ್ ಗೇಜಿನ ಹಾದಿಯು 1926ರಲ್ಲಿ ನಮ್ಮೂರನ್ನು ಮುಟ್ಟಿ ಅಲ್ಲಿಯೇ ಕೊನೆಗೊಂಡಿತ್ತು. ಆ ಹಾದಿಯ ತುದಿಯಲ್ಲಿ ಒಂದು ತೋಳನ್ನು ಚಾಚಿಕೊಂಡು ನಿಂತಿರುತ್ತಿದ್ದ ಕಂಬವನ್ನು ಹಿರಿಯರು ಕೈಮರವೆನ್ನುತ್ತಿದ್ದರು. ದಾರಿ ಕವಲೊಡೆಯುವ ಕಡೆ ಊರುಗಳ ಹೆಸರು ಬರೆದ ಹಲಗೆಗಳನ್ನು ಹೊತ್ತ ಕಂಬಕ್ಕೂ ಅದೇ ಹೆಸರು. ಅಂಥ ಕವಲುಗಳಲ್ಲಿ ಎಷ್ಟೋ ಕಡೆ ಕಂಬ ಹೋಗಿ ಊರಿಗೆ ಕೈಮರವೆಂಬ ಹೆಸರಷ್ಟೆ ಉಳಿದಿದೆ. ಸಂಜೆಯ ಹೊತ್ತು ಖಾಕಿ ಅಂಗಿಯ ಆಳೊಬ್ಬನು ಸೀಮೆಎಣ್ಣೆಯ ದೀಪವನ್ನು ಹಿಡಿದು ಕಬ್ಬಿಣದ ಏಣಿಯನ್ನೇರಿ, ಆ ತೋಳಿನ ಬುಡದಲ್ಲಿದ್ದ ಬಣ್ಣದ ಗಾಜುಗಳ ಹಿಂದೆ ಅದನ್ನಿಟ್ಟು ಇಳಿಯುತ್ತಿದ್ದುದನ್ನು ನೋಡಲೆಂದೇ ನಾನು ಅಜ್ಜನ ಬೆರಳು ಹಿಡಿದು ಅಲ್ಲಿಗೆ ಹೋಗುತ್ತಿದ್ದೆನು.

ಗುಜರಿಯಿಂದ ತಂದ ಪೆಟ್ಟಿಗೆಯನ್ನು ಬಿಚ್ಚತೊಡಗಿದ ಮೇಲೆ, ಒಂದೊಂದು ತಿರುಪು ಸಡಿಲವಾದಂತೆಲ್ಲ, ಇದು ಆ ಕೈಮರದ ಮೊಮ್ಮಗನೇ ಹೊರತು ಬೇರೆಯಲ್ಲವೆಂಬುದು ನನಗೆ ನಿಶ್ಚಯವಾಗುತ್ತ ಹೋಯಿತು.

ಬಿಚ್ಚುವುದೆಂದರೆ ಅದೊಂದು ತಪಸ್ಸು. ತುಕ್ಕು ಹಿಡಿದು ಬೆಸೆದುಕೊಂಡಿದ್ದ ತಿರುಪುಗಳಿಗೆ ಮೂರು ದಿನ ಎಣ್ಣೆ ಬಿಟ್ಟು ಕಾದೆನು. ಮೈಮೇಲಿನ ಬಣ್ಣವನ್ನು ಒಣಗಿದಂತೆಯೇ ಕೆರೆಯಬಾರದು, ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವ ಹೆಚ್ಚು, ಅದರ ಧೂಳು ಉಸಿರಿನೊಡನೆ ಒಳಸೇರಿದರೆ ಕೇಡು. ಆದುದರಿಂದ ಮೂಗುಬಾಯಿಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸುತ್ತ, ಒದ್ದೆಯಾಗಿಯೇ ಉಜ್ಜಿ, ಕೆರೆದುದನ್ನೆಲ್ಲ ಡಬ್ಬಿಯಲ್ಲಿ ತುಂಬಿಟ್ಟೆನು. ಹಳದಿಯ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಬೂದಿ, ಬೂದಿಯ ಕೆಳಗೆ ಮತ್ತೊಮ್ಮೆ ಹಳದಿ. ನಮ್ಮೂರಿನ ಕರಿಕಲ್ಲಿಗೆ ಹೊಳಪು ಕೊಡುವ ಕಾರ್ಖಾನೆಯಲ್ಲಿ ಬಹುಕಾಲ ದುಡಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಒರಟಿನಿಂದ ನಯಕ್ಕೆ ಇಳಿಯುವ ಉಜ್ಜುಕಾಗದಗಳ ಕ್ರಮವನ್ನು ನನಗೆ ಕಲಿಸಿಕೊಟ್ಟನು. ಲೋಹದ ಹೊಟ್ಟೆಯೊಳಗೆ ಜೇಡರ ಬಲೆಗಳೂ, ಕಣಜದ ಮಣ್ಣಿನ ಗೂಡೊಂದೂ, ಹಳದಿ ದೀಪದ ಕೋಣೆಯಲ್ಲಿ ಒಂದು ಹಲ್ಲಿಯ ಅಸ್ಥಿಪಂಜರವೂ ದೊರೆತವು. ಬಾಗಿಲುಗಳ ಅಂಚಿನ ರಬ್ಬರು ಬೆಲ್ಲದ ಪಾಕದಂತಾಗಿ ಮತ್ತೆ ಕಲ್ಲಾಗಿದ್ದಿತು. ಲಾರಿಯ ಹಳೆಯ ಟ್ಯೂಬನ್ನು ಕತ್ತರಿಸಿ ಅದರ ಸ್ಥಾನವನ್ನು ತುಂಬಿದೆನು. ಮಳೆಬಿಸಿಲಿಗೆ ಅಡ್ಡವಾಗಿ ಪ್ರತಿಯೊಂದು ಗಾಜಿನ ಮೇಲೂ ಇರುವ ತಗಡಿನ ಮರೆಯನ್ನು ನಮ್ಮ ವೆಲ್ಡಿಂಗಿನವನು ‘ಟೋಪಿ’ ಎಂದು ಕರೆದು, ಮೂರರಲ್ಲಿ ಒಂದನ್ನು ಹೊಸದಾಗಿಯೇ ಬಗ್ಗಿಸಿಕೊಟ್ಟನು. ಅದು ಬರಿಯ ಅಲಂಕಾರವಲ್ಲ: ಇಳಿಬಿಸಿಲು ಗಾಜಿನೊಳಕ್ಕೆ ನೇರವಾಗಿ ಹೊಕ್ಕರೆ ಒಳಗಣ ಕನ್ನಡಿಯು ಅದನ್ನು ಹಿಂದಿರುಗಿಸಿ, ಆರಿದ ದೀಪವೂ ಉರಿಯುತ್ತಿರುವಂತೆ ತೋರುವುದು. ಆ ಹೊತ್ತಿನಲ್ಲಿ ಮೂರು ಆಜ್ಞೆಗಳು ಒಟ್ಟಿಗೆ ಹೊರಟರೆ ಚಾಲಕನ ಗತಿಯೇನು!

ಇನ್ನು ಗಾಜುಗಳು. ಎಂಟು ಅಂಗುಲದ ಆ ಬಿಲ್ಲೆಗಳನ್ನು ಸೀಗೆಪುಡಿ ಹಾಕಿ ತೊಳೆದು ಹಿತ್ತಲಿನ ಬಿಸಿಲಿಗೆ ಹಿಡಿದ ಬೆಳಗನ್ನು ನಾನು ಮರೆಯಲಾರೆನು. ಹೊರಮೈ ನುಣುಪು, ಮಳೆಯೂ ಧೂಳೂ ಜಾರಿಹೋಗಲೆಂದು. ಒಳಮೈಯಲ್ಲಿ ಮಾತ್ರ ಸಣ್ಣ ಸಣ್ಣ ಪಟ್ಟಕಗಳ ಸಾಲುಗಳು, ಬೆಳಕನ್ನು ಆಕಾಶಕ್ಕೆ ಪೋಲು ಮಾಡದೆ ಕೆಳಗೆ ರಸ್ತೆಯ ಕಡೆಗೆ ಬಾಗಿಸಲೆಂದು. ಕೆಂಪು ಗಾಜಿನ ಕೆಂಪು ಅದರ ಮೇಲೆ ಬಳಿದುದಲ್ಲ, ಅದರ ದ್ರವ್ಯದಲ್ಲಿಯೇ ಹುಟ್ಟಿದುದು. ಸೆಲೆನಿಯಮ್ಮನ್ನೂ ಕ್ಯಾಡ್ಮಿಯಮ್ಮಿನ ಸಂಯುಕ್ತವನ್ನೂ ಕೂಡಿಸಿ ಕರಗಿಸಿದ ಗಾಜು ಮೊದಲ ಬೆಂಕಿಯಿಂದ ಹೊರಬಂದಾಗ ಕೆಂಪಾಗಿರುವುದಿಲ್ಲ, ತಿಳಿಹಳದಿಯಾಗಿ ಏನೂ ಅರಿಯದಂತಿರುವುದು. ಎರಡನೆಯ ಸಲ ಕಾಯಿಸಿದಾಗಲೇ ಅದರೊಳಗೆ ಸೂಕ್ಷ್ಮ ಕಣಗಳು ಮೂಡಿ ಮಾಣಿಕ್ಯದ ಬಣ್ಣ ಬರುವುದು. ನನಗಂತೂ ಸಿಟ್ಟಿಗೆ ಎರಡನೆಯ ಮಾತು ಬೇಕಾಗುವ ಕೆಲವು ಸಾತ್ವಿಕರ ನೆನಪಾಯಿತು.

ಹಸುರು ಗಾಜನ್ನು ಬಿಸಿಲಿಗೆ ಹಿಡಿದಾಗ ಆಶ್ಚರ್ಯವಾಯಿತು: ಅದು ಹಸುರಾಗಿರಲಿಲ್ಲ. ನವಿಲಿನ ಕೊರಳಿನಂತೆ ನೀಲಿಗೆ ವಾಲಿದ ಬಣ್ಣ. ಯಾರೋ ತಪ್ಪು ಗಾಜನ್ನು ಹಾಕಿದ್ದಾರೆಂದು ಒಂದು ವಾರ ನಂಬಿಕೊಂಡಿದ್ದೆನು. ಆ ಸಂದೇಹವು ಬಗೆಹರಿದುದು ಮೈಸೂರಿನ ಕೃಷ್ಣರಾಜಸಾಗರ ರಸ್ತೆಯಲ್ಲಿರುವ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ. 1979ರಲ್ಲಿ ಸ್ಥಾಪಿತವಾದ ಆ ಸಂಗ್ರಹಾಲಯಕ್ಕೆ ಹೋದವರೆಲ್ಲ ಮಹಾರಾಣಿಯವರ ಗಾಡಿಯ ಮುಂದೆ ನಿಂತು ನಿಟ್ಟುಸಿರು ಬಿಡುವರು. ನಾನು ಹಳೆಯ ಸಿಗ್ನಲ್ಲುಗಳ ಮುಂದೆ ನಿಂತೆನು. ಸೀಮೆಎಣ್ಣೆಯ ಜ್ವಾಲೆ ಹಳದಿ. ಹಳದಿಯ ಮುಂದೆ ಶುದ್ಧ ಹಸುರು ಗಾಜನ್ನಿಟ್ಟರೆ ಕಾಣುವ ಬಣ್ಣ ಹಳದಿಗೇ ವಾಲಿ ಎಚ್ಚರಿಕೆಯ ದೀಪದೊಡನೆ ಗೊಂದಲವಾದೀತು; ನೀಲಿ ಬೆರೆತ ಗಾಜನ್ನಿಟ್ಟರೆ ಜ್ವಾಲೆಯ ಹಳದಿಯೂ ಗಾಜಿನ ನೀಲಿಯೂ ಸೇರಿ ದೂರದಲ್ಲಿರುವವನ ಕಣ್ಣಿಗೆ ಹಸುರಾಗಿ ತಲಪುವುದು. ಅರ್ಧ ಹಸುರನ್ನು ಗಾಜು ಹೊತ್ತಿರುವುದು, ಉಳಿದರ್ಧವನ್ನು ಬೆಂಕಿ. ತಂತಿಯ ಬಲ್ಬಿನ ಬೆಳಕೂ ಹಳದಿ ಜಾತಿಯದೇ ಆದುದರಿಂದ, ಎಣ್ಣೆ ಹೋಗಿ ವಿದ್ಯುತ್ತು ಬಂದರೂ, ಕಂಬಿ ಹೋಗಿ ರಸ್ತೆ ಬಂದರೂ, ಆ ನೀಲಿಯ ಛಾಯೆ ಮಾತ್ರ ವಂಶದ ಮಚ್ಚೆಯಂತೆ ಉಳಿದುಬಂದಿತು.

ಅದಕ್ಕೆ ಇನ್ನೊಂದು ಪ್ರಯೋಜನವೂ ಉಂಟು. ಕೆಂಪು ಹಸುರುಗಳ ಭೇದವನ್ನರಿಯದ ಕಣ್ಣುಳ್ಳವರು, ಅದರಲ್ಲಿಯೂ ಗಂಡಸರು, ಪ್ರತಿಯೊಂದು ಊರಿನಲ್ಲಿಯೂ ಇರುತ್ತಾರೆ. ಹಸುರಿನಲ್ಲಿ ನೀಲಿಯಿದ್ದರೆ ಅವರೂ ಅದನ್ನು ಕೆಂಪಿನಿಂದ ಬೇರ್ಪಡಿಸಬಲ್ಲರು. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾ ಎಂಬಲ್ಲಿ ಎರಡು ರೈಲುಗಳು ಡಿಕ್ಕಿಯಾದ ತರುವಾಯ, ದೀಪದ ಬಣ್ಣ ತಿಳಿಯದಿದ್ದುದೇ ಕಾರಣವಿರಬಹುದೆಂದು ಶಂಕಿಸಿದ ಹೋಲ್ಮ್‌ಗ್ರೆನ್ ಎಂಬ ಶರೀರಶಾಸ್ತ್ರಜ್ಞನು, ಬಣ್ಣಬಣ್ಣದ ಉಣ್ಣೆಯ ಲಡಿಗಳನ್ನು ರೈಲ್ವೆ ನೌಕರರ ಮುಂದೆ ಸುರಿದು ಒಂದಕ್ಕೊಂದು ಹೊಂದುವುದನ್ನು ಆರಿಸಿರೆಂದು ಹೇಳಿ ಪರೀಕ್ಷಿಸುವ ಕ್ರಮವನ್ನು ತಂದನು. ಈ ಪರೀಕ್ಷೆಯನ್ನು ನನ್ನ ಮನೆಯಾಕೆ ಸೀರೆಗೆ ಹೊಂದುವ ರವಿಕೆಯ ಕಣ ತರಲು ನನ್ನನ್ನು ಕಳುಹಿಸುವ ಮೂಲಕ ನಲವತ್ತು ವರ್ಷಗಳಿಂದ ನಡೆಸುತ್ತಿರುವಳು. ನಾನು ಒಮ್ಮೆಯೂ ತೇರ್ಗಡೆಯಾಗಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಈ ನೀಲಿಯ ಕಥೆ ತಿಳಿಯದೆ ನಾನು ಮಾಡಿದ ತಪ್ಪೂ ಉಂಟು. ಕಡಮೆ ವಿದ್ಯುತ್ತು, ಕಡಮೆ ಶಾಖ ಎಂದು ಆಸೆಪಟ್ಟು ಮೂರು ಕೋಣೆಗಳಲ್ಲಿಯೂ ಬಿಳಿಯ ಎಲ್‌ಇಡಿ ಬಲ್ಬುಗಳನ್ನಿಟ್ಟು ಹೊತ್ತಿಸಿದಾಗ, ಹಸುರಿನ ಜಾಗದಲ್ಲಿ ಔಷಧದ ಶೀಸೆಯ ನೀಲಿ ಕಂಡಿತು. ಆ ಬಿಳಿಯ ಬೆಳಕಿನಲ್ಲಿ ಕೆಂಪಿನ ಪಾಲೇ ಕಡಮೆಯಾದುದರಿಂದ ಕೆಂಪು ಗಾಜು ಬಾಡಿದ ದಾಸವಾಳದಂತಾಯಿತು. ತಂತಿಯ ಬಲ್ಬೇ ಬೇಕು. ಅದಕ್ಕಾಗಿ ಪಚ್ಚಪ್ಪ ವೃತ್ತದ ಆಸುಪಾಸಿನ ವಿದ್ಯುತ್ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದೆನು. ಕಟ್ಟಕಡೆಗೆ ಅದು ಸಿಕ್ಕಿದುದು ಕೋಳಿಯ ಮೇವು ಮಾರುವ ಅಂಗಡಿಯಲ್ಲಿ. ಮರಿಗಳಿಗೆ ಬೆಚ್ಚಗಿನ ಕಾವು ಕೊಡಲು ಸಾಕಣೆದಾರರು ಇಂದಿಗೂ ಅದನ್ನೇ ಕೊಳ್ಳುತ್ತಾರೆ. ನಾಗರಿಕತೆಯು ದಂಡವೆಂದು ಬಿಸುಟ ಶಾಖವು ಕೋಳಿಮರಿಗೆ ತಾಯಿಯ ರೆಕ್ಕೆಯಾಗಿದೆ. ಆ ಬಲ್ಬುಗಳು ಕನ್ನಡಿಯ ನಾಭಿಗೆ ಸರಿಯಾಗಿ ಕೂರಲಿಲ್ಲ, ಸಿಗ್ನಲ್ಲಿಗೆಂದೇ ಮಾಡುತ್ತಿದ್ದ ಬಲ್ಬಿನಲ್ಲಿ ತಂತಿಯ ಎತ್ತರವೇ ಬೇರೆ. ಹೋಲ್ಡರಿನ ಅಡಿಗೆ ಒಂದೊಂದಾಗಿ ವಾಷರುಗಳನ್ನು ಸೇರಿಸುತ್ತ, ಎದುರು ಗೋಡೆಯ ಮೇಲೆ ಬಿದ್ದ ಬೆಳಕಿನ ವೃತ್ತವು ಅಂಚು ಕಟ್ಟುವವರೆಗೆ ಎರಡು ಸಂಜೆ ಕಳೆದೆನು. ಆ ಭರದಲ್ಲಿಯೇ ಹಳದಿ ಗಾಜಿನ ತಿರುಪನ್ನು ಅರ್ಧ ಸುತ್ತು ಹೆಚ್ಚು ಬಿಗಿದು, ಚಿಟಿಕೆ ಹೊಡೆದಂಥ ಶಬ್ದದೊಡನೆ ಅದನ್ನು ಅಡ್ಡವಾಗಿ ಸೀಳಿಸಿದೆನು. ಐವತ್ತು ವರ್ಷಗಳ ಲಾರಿಯ ಹೊಗೆಯನ್ನೂ ಗುಜರಿಯ ಸುತ್ತಿಗೆಯನ್ನೂ ತಾಳಿಕೊಂಡಿದ್ದ ಗಾಜು, ಅದನ್ನು ಪ್ರೀತಿಸಿದವನ ಕೈಯಲ್ಲಿ ಒಡೆಯಿತು. ಪಾರದರ್ಶಕವಾದ ಅಂಟಿನಿಂದ ಕೂಡಿಸಿದ್ದೇನೆ. ರಾತ್ರಿಯಲ್ಲಿ ಒಂದು ಕೂದಲೆಳೆ ಕಾಣುತ್ತದೆ.

ಕೈಮರದ ವಂಶವೆಂದು ನಾನು ಹೇಳುವುದು ಬರಿಯ ಅಲಂಕಾರದ ಮಾತಲ್ಲ. ರಸ್ತೆಗೆ ಮೊತ್ತಮೊದಲು ದೀಪದ ಆಜ್ಞೆಯನ್ನು ತಂದವನು ಜೆ. ಪಿ. ನೈಟ್ ಎಂಬ ರೈಲ್ವೆಯವನೇ. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಹೊರಗೆ, ಕುದುರೆಗಾಡಿಗಳ ದಟ್ಟಣೆಯ ನಡುವೆ, ಅವನು ನಿಲ್ಲಿಸಿದ ಕಂಬಕ್ಕೆ ಹಗಲಿಗೆ ಚಾಚುವ ತೋಳುಗಳೂ ಇರುಳಿಗೆ ಕೆಂಪು ಹಸುರಿನ ಅನಿಲದೀಪವೂ ಇದ್ದವು. ಒಂದು ತಿಂಗಳೊಳಗೆ ಅನಿಲ ಸೋರಿ ಸಿಡಿದು, ಅದನ್ನು ತಿರುಗಿಸುತ್ತಿದ್ದ ಪೋಲೀಸನು ಗಾಯಗೊಂಡುದರಿಂದ ಆ ಪ್ರಯೋಗವು ಅಲ್ಲಿಗೇ ನಿಂತಿತು. ವಿದ್ಯುತ್ತಿನ ದೀಪವು ಅಮೆರಿಕದ ಕ್ಲೀವ್‌ಲೆಂಡಿನಲ್ಲಿ 1914ರ ಆಗಸ್ಟಿನಲ್ಲಿ ಹೊತ್ತಿತು, ಆಗಲೂ ಎರಡೇ ಬಣ್ಣ. ನಡುವಣ ಹಳದಿಯನ್ನು 1920ರಲ್ಲಿ ಡೆಟ್ರಾಯಿಟ್ ನಗರದ ವಿಲಿಯಂ ಪಾಟ್ಸ್ ಎಂಬ ಪೋಲೀಸನು ಸೇರಿಸಿದನು, ಅದನ್ನೂ ರೈಲಿನವರಿಂದಲೇ ಪಡೆದು. ನಮ್ಮ ಬೆಂಗಳೂರಿನ ಕಾರ್ಪೊರೇಷನ್ ವೃತ್ತಕ್ಕೆ ಈ ಮೂರು ಬಣ್ಣಗಳು ಬಂದುದು 1960ರ ದಶಕದಲ್ಲಿ.

ಆದರೆ ಮೊಮ್ಮಗನು ಅಜ್ಜನಿಂದ ರೂಪವನ್ನು ಪಡೆದನೇ ಹೊರತು ಅಧಿಕಾರವನ್ನು ಪಡೆಯಲಿಲ್ಲ. ರೈಲಿನ ಕೈಮರವು ತಂತಿಯಿಂದ ಸನ್ನೆಗೋಲಿಗೆ, ಸನ್ನೆಗೋಲು ಹಳಿಯ ಕವಲಿಗೆ ಕಟ್ಟುಬಿದ್ದಿರುವುದು. ಕವಲು ಸರಿಯಾಗದೆ ತೋಳು ಅಲುಗದು. ಇನ್ನೂ ಸೋಜಿಗವೆಂದರೆ, ತಂತಿ ತುಂಡಾದರೆ ತೋಳು ತನ್ನ ಭಾರದಿಂದ ತಾನೇ ‘ನಿಲ್ಲು’ ಎಂಬ ಸ್ಥಿತಿಗೆ ಮರಳುವಂತೆ ಅದನ್ನು ರಚಿಸಿದ್ದಾರೆ. ಈ ವಿವೇಕವು ಸುಮ್ಮನೆ ಬಂದುದಲ್ಲ. 1876ರ ಜನವರಿಯಲ್ಲಿ ಇಂಗ್ಲೆಂಡಿನ ಆಬಟ್ಸ್ ರಿಪ್ಟನ್ ಬಳಿ, ಹಿಮ ಕಟ್ಟಿಕೊಂಡ ತೋಳುಗಳು ‘ಹೋಗು’ ಎಂಬ ಸ್ಥಿತಿಯಲ್ಲಿಯೇ ಸೆಟೆದು ನಿಂತು ರೈಲುಗಳು ಒಂದರ ಮೇಲೊಂದು ಬಂದೆರಗಿದವು. ಅಂದಿನಿಂದ ತೋಳಿನ ಸಹಜ ಸ್ಥಿತಿಯು ತಡೆಯುವುದೆಂದೂ, ಅನುಮತಿಯು ಗಳಿಸಬೇಕಾದುದೆಂದೂ ಆಯಿತು. ರಸ್ತೆಯ ದೀಪಕ್ಕೆ ಇಂಥ ಯಾವ ಕಟ್ಟುಪಾಡೂ ಇಲ್ಲ. ಅದು ಕೆಟ್ಟರೆ ಕೆಂಪಾಗುವುದಿಲ್ಲ, ಮೂಕವಾಗುವುದು. ಅದು ಚೆನ್ನಾಗಿರುವಾಗಲೂ ಅದರ ಮತ್ತು ನಿಮ್ಮ ಚಕ್ರದ ನಡುವೆ ಯಾವ ತಂತಿಯೂ ಇಲ್ಲ; ಇರುವುದು ನಿಮ್ಮ ಸಮ್ಮತಿಯೊಂದೇ. ಹಳಿಯ ಮೇಲಿನ ಗಾಡಿಗೆ ಅಡ್ಡಹಾದಿಯಿಲ್ಲ, ರಸ್ತೆಯ ಮೇಲಿನದಕ್ಕೆ ಸಾವಿರ ಉಂಟು. ಹಾಗಿದ್ದೂ ನಟ್ಟಿರುಳಿನಲ್ಲಿ, ನಾಲ್ಕು ದಿಕ್ಕಿಗೂ ನರಪಿಳ್ಳೆಯಿಲ್ಲದ ಚೌಕದಲ್ಲಿ, ಕೆಂಪು ದೀಪವನ್ನು ಕಂಡು ಸ್ಕೂಟರನ್ನು ನಿಲ್ಲಿಸಿ ಒಂದು ಕಾಲನ್ನೂರಿ ಕಾಯುವ ಮನುಷ್ಯನೊಬ್ಬನು ಎಲ್ಲಾದರೂ ಇದ್ದಾನೆ. ಅವನಿಗೆ ನನ್ನ ಇಡೀ ದೀಪವನ್ನು ಬಹುಮಾನ ಕೊಟ್ಟುಬಿಡಬಹುದೆಂದು ನನಗೆ ಅನೇಕ ಸಲ ಅನ್ನಿಸಿದೆ.

ಹಳಿಯೂ ರಸ್ತೆಯೂ ಅಕ್ಕಪಕ್ಕದಲ್ಲಿ ನಡೆದ ಒಂದು ಸ್ಥಳ ನಮ್ಮ ಕಡೆ ಇತ್ತು. 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಪಿಲೆಗೆ ಅಡ್ಡವಾಗಿ ಕಟ್ಟಿಸಿದ ನಂಜನಗೂಡಿನ ಕಲ್ಲಿನ ಸೇತುವೆಯು, ರೈಲೆಂಬುದನ್ನು ಯಾರೂ ಕನಸಿನಲ್ಲಿಯೂ ಕಾಣದಿದ್ದ ಕಾಲದಲ್ಲಿ ಎದ್ದು, ಮುಂದೆ ರೈಲನ್ನೂ ಗಾಡಿಗಳನ್ನೂ ಒಂದೇ ಬೆನ್ನಿನ ಮೇಲೆ ಹೊತ್ತಿತು. 2008ರ ಹೊತ್ತಿಗೆ ಮೀಟರ್ ಗೇಜು ಹೋಗಿ ಅಗಲ ಹಳಿ ಬಂದು, ರೈಲಿಗೆ ಬೇರೆ ಸೇತುವೆಯಾಗಿ, ಮುದುಕನಿಗೆ ವಿಶ್ರಾಂತಿ ದೊರೆಯಿತು. ನಮ್ಮೂರ ನಿಲ್ದಾಣದ ಕೈಮರವೂ ಇಂದಿಲ್ಲ.

ನಾನು ಬಹುಕಾಲ ಪಾಠ ಹೇಳಿದುದು ಗುಂಡ್ಲುಪೇಟೆಯಲ್ಲಿ. ಆ ಊರಿಗೆ ರೈಲಿಲ್ಲ, ರಸ್ತೆಗಳೇ ಎಲ್ಲ; ಒಂದು ಊಟಿಗೆ, ಒಂದು ವಯನಾಡಿಗೆ, ಎರಡೂ ಬಂಡೀಪುರದ ಕಾಡನ್ನು ಹೊಕ್ಕು ಹೋಗುವಂಥವು. 2009ರಿಂದ ರಾತ್ರಿ 9 ಗಂಟೆಗೆ ಅಲ್ಲಿ ವಾಹನಗಳ ಸಂಚಾರ ನಿಂತು, ಬೆಳಗ್ಗೆ 6ಕ್ಕೆ ಮತ್ತೆ ತೆರೆಯುತ್ತದೆ. ಮದ್ದೂರಿನ ತನಿಖಾ ಠಾಣೆಯ ಹಿಂದೆ ತರಕಾರಿಯ ಲಾರಿಗಳು ಸಾಲುಗಟ್ಟಿ ನಿಂತಿರುವುದನ್ನೂ, ಚಾಲಕರು ಗಾಡಿಯ ಕೆಳಗೆ ಚಾಪೆ ಹಾಸಿ ಮಲಗಿರುವುದನ್ನೂ ಕಂಡಾಗ, ನಾನು ಕಂಡ ಕೆಂಪು ದೀಪಗಳಲ್ಲೆಲ್ಲ ಇದೇ ದೀರ್ಘವಾದುದೆಂದುಕೊಳ್ಳುತ್ತೇನೆ: ಒಂಬತ್ತು ಗಂಟೆಗಳ ಕೆಂಪು, ಗಾಜೂ ಇಲ್ಲ, ಬಲ್ಬೂ ಇಲ್ಲ. ಅಡ್ಡ ದಾಟುವವರು ಯಾರೆಂದರೆ ಆನೆಗಳು. ಬಣ್ಣವನ್ನು ಗ್ರಹಿಸುವ ಕೋಶಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆಯವಾದರೆ ಆನೆಯ ಕಣ್ಣಿನಲ್ಲಿ ಎರಡೇ ಬಗೆ. ಹೋಲ್ಮ್‌ಗ್ರೆನ್ನನ ಉಣ್ಣೆಯ ಲಡಿಗಳನ್ನು ಮುಂದಿಟ್ಟರೆ ಅದೂ ನನ್ನಂತೆಯೇ ನಪಾಸಾದೀತು.

ದೀಪವನ್ನು ಹೊತ್ತಿಸಿ ಆರಿಸುವ ಯಂತ್ರ ಮಾತ್ರ ಗುಜರಿಯಲ್ಲಿ ಸಿಕ್ಕಿರಲಿಲ್ಲ. ಹಿಂದೆ ಅದು ಕಂಬದ ಬುಡದ ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತಿತ್ತು: ಮಂದಗತಿಯ ಮೋಟಾರೊಂದು ಒಂದು ದಂಡವನ್ನು ತಿರುಗಿಸುವುದು, ದಂಡಕ್ಕೆ ಪೋಣಿಸಿದ ಬಿಲ್ಲೆಗಳ ಅಂಚಿನ ತಗ್ಗುದಿಣ್ಣೆಗಳು ಒಂದೊಂದು ದೀಪದ ಸ್ವಿಚ್ಚನ್ನು ಸರದಿಯಂತೆ ಒತ್ತುವುವು. ನಮ್ಮ ಬೀದಿಯ ಬಡಗಿಯಿಂದ ಹಲಸಿನ ಹಲಗೆಯಲ್ಲಿ ಮೂರು ಬಿಲ್ಲೆಗಳನ್ನು ಕೊಯ್ಯಿಸಿ, ಹಳೆಯ ಏರ್‌ಕೂಲರಿನಲ್ಲಿ ಗಾಳಿಯ ಪಟ್ಟಿಗಳನ್ನು ತೂಗಾಡಿಸುವ ಪುಟ್ಟ ಮೋಟಾರಿಗೆ ಅವನ್ನು ಸಿಕ್ಕಿಸಿದೆನು. ಅದು ನಿಮಿಷಕ್ಕೆ ಐದು ಸಲ ಸುತ್ತುವುದಾದುದರಿಂದ ನನ್ನ ದೀಪದ ಒಂದು ಆವರ್ತವು ಹನ್ನೆರಡೇ ಸೆಕೆಂಡಿನಲ್ಲಿ ಮುಗಿಯುತ್ತದೆ. “ಇದ್ಯಾಕ ಮೇಷ್ಟ್ರೇ, ನಿಮ್ ಸಿಗ್ನಲ್ಲು ಇಂಗ ಅವಸ್ರ ಮಾಡ್ತದ? ಒಂದು ಎಮ್ಮ ದಾಟದ್ರೊಳಗ ಮೂರ್ ಸಲ ಬಣ್ಣ ಬದಲಾಗ್ತದಲ್ಲ!” ಎಂದು ಬಡಗಿಯು ನಕ್ಕನು.

ಜಗಲಿಯ ಕಂಬಕ್ಕೆ ತೂಗುಹಾಕಿದ ಸಂಜೆಯಿಂದ ಅದು ಬೀದಿಯ ಮಕ್ಕಳ ಸ್ವತ್ತಾಯಿತು. ಒಬ್ಬನು ಬಸ್ಸು, ಒಬ್ಬಳು ಲಾರಿ, ಒಬ್ಬನು ಸೈರನ್ನಿನೊಡನೆ ಆಂಬುಲೆನ್ಸು. ಎದುರುಮನೆಯ ಐದು ವರ್ಷದ ಹುಡುಗಿಯೊಬ್ಬಳೇ ಏನೂ ಆಗಲೊಲ್ಲದೆ, ಬರಿಗಾಲಿನಲ್ಲಿ ನಡೆದು ಹೋಗುವವಳು. ಕಳೆದ ಮಳೆಗಾಲದ ಒಂದು ರಾತ್ರಿ, ಆಟ ನಡೆಯುತ್ತಿದ್ದಂತೆಯೇ, ಕೆಂಪು ಹೊತ್ತಿದ್ದ ಕ್ಷಣದಲ್ಲಿ ಕರೆಂಟು ಹೋಯಿತು. ಬಸ್ಸು ಲಾರಿಗಳು ಕೂಗುತ್ತ ಚೆಲ್ಲಾಪಿಲ್ಲಿಯಾದವು. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ, ಆ ಹುಡುಗಿ ಒಂದು ಕಾಲನ್ನು ಎತ್ತಿಕೊಂಡು ಅಲ್ಲಿಯೇ ನಿಂತಿದ್ದಳು.

“ತಾತ, ಈಗ ಏನ್ ಮಾಡದು?”

ಒಳಗೆ ಹೋಗಿ ಅಟ್ಟದ ಮೇಲಿದ್ದ ಅಜ್ಜನ ಲಾಂದ್ರವನ್ನು ಇಳಿಸಿ, ಬತ್ತಿ ಹೊತ್ತಿಸಿ, ಹಸುರು ಗಾಜಿನ ಬಾಗಿಲನ್ನು ಹಿಂಬದಿಗೆ ಹೊರಳಿಸಿ ಅದರ ಬೆನ್ನಿಗೆ ಲಾಂದ್ರವನ್ನು ಎತ್ತಿ ಹಿಡಿದೆನು. ಕೋಳಿಮರಿಯ ಬಲ್ಬು ಒಂದು ದಿನವೂ ಕೊಡದಿದ್ದ ಹಸುರು ಅದು. ಏಣಿಯ ಮೇಲಿನ ಖಾಕಿ ಅಂಗಿಯವನು ಇಳಿದ ಮೇಲೆ ಕಾಣುತ್ತಿದ್ದಂಥದು. ಹುಡುಗಿಯು ಎತ್ತಿದ ಕಾಲನ್ನು ಮುಂದಕ್ಕೆ ಇಟ್ಟು, ಬೀದಿಯ ಎಡಕ್ಕೂ ಬಲಕ್ಕೂ ನೋಡಿ, ದಾಟಿಕೊಂಡು ತನ್ನ ಮನೆಗೆ ಹೋದಳು.